ಸಾಕ್ಷಿ ಹೇಳಲು ಹೊರಟವರ ಜೊತೆಗೊಬ್ಬರು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ಪೊಲೀಸರು ಸಮನ್ಸ್ ತಂದುಕೊಟ್ಟ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತುವುದಿಲ್ಲ. ಕಂಡದ್ದನ್ನು ಹೇಳಿ ಎಂದು ಕರೆದಿದ್ದಾರೆ, ಅಷ್ಟೇ. ಆದರೂ ತಾವೇ ತಪ್ಪು ಮಾಡಿದವರೇನೋ ಎಂಬಂಥ ಅಳುಕು. ಹೊಡೆತ ತಿಂದವರಿಗಂತೂ ಮಾಯುತ್ತಿದ್ದ ಗಾಯ ಮತ್ತೆ ಹಸಿಯಾಗುತ್ತದೆ.

ಅತಿ ಕಷ್ಟದ ಹೊತ್ತು ಕಟಕಟೆಯಲ್ಲಿ ಬರುವುದಲ್ಲ, ಹೊರಗಿನ ವರಾಂಡದಲ್ಲಿ. ದಲಾಯತರು ಹೆಸರು ಕೂಗುವವರೆಗೆ ಅಲ್ಲೇ ಕಾಯಬೇಕು. ಆರೋಪಿಯೂ ಅವನ ಕಡೆಯವರೂ ಎದುರಿಗೇ ನಿಂತಿರುತ್ತಾರೆ. ಪರಿಚಯದವರೊಬ್ಬರು ಪಕ್ಕಕ್ಕೆ ಬಂದು, "ನೋಡಕ್ಕಾ, ನಾಳೆ ಒಂದೇ ಊರಲ್ಲಿ ಬಾಳಬೇಕು, ಯೋಚನೆ ಮಾಡಿ ಹೇಳು" ಅನ್ನುತ್ತಾರೆ. ಎಷ್ಟೋ ಸಾಕ್ಷಿಗಳು ಪ್ರತಿಕೂಲವಾಗುವುದು, ಅಂದರೆ ಮೊದಲು ಹೇಳಿದ್ದಕ್ಕೆ ತಿರುಗಿಬೀಳುವುದು, ಇಂಥ ಮಾತಿಗೇ ಎಂದು ನನಗನ್ನಿಸುತ್ತದೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಅಲ್ಲಿ ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ.

ಇಂಥ ಬೆದರಿಕೆಯನ್ನು ಸಹಿಸಿಕೊಂಡು ಕೂರಬೇಕಾಗಿಲ್ಲ. ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟು, ದೇಶಕ್ಕೆಲ್ಲ ಜಾರಿ ಮಾಡಿತು. ಗಂಭೀರ ಅಪರಾಧಗಳಲ್ಲಿ ಸಾಕ್ಷಿಗಳು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಅಪಾಯ ಎಷ್ಟಿದೆ ಎಂಬ ವರದಿಯನ್ನು ಪೊಲೀಸರು ಐದು ಕೆಲಸದ ದಿನಗಳೊಳಗೆ ಕೊಡಬೇಕು. ಮನೆಗೆ ಕಾವಲು, ಕೋರ್ಟಿಗೆ ಹೋಗಿಬರಲು ಪೊಲೀಸ್ ಬೆಂಗಾವಲು, ಮುಚ್ಚಿದ ಬಾಗಿಲಿನ ವಿಚಾರಣೆ, ಇವೆಲ್ಲಕ್ಕೂ ಅದರಲ್ಲಿ ಅವಕಾಶವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ, ಕ್ರಿಮಿನಲ್ ಪ್ರಕರಣಗಳ ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಇಂಥ ಯೋಜನೆ ರೂಪಿಸುವ ಹೊಣೆಯನ್ನು ರಾಜ್ಯ ಸರ್ಕಾರಗಳಿಗೆ ಹೊರಿಸಿದೆ.

ಇನ್ನು ಕೋರ್ಟಿನ ಒಳಗಿನ ಮಾತು. ಘಟನೆ ನಡೆದು ವರ್ಷಗಳಾಗಿರುತ್ತವೆ. ಸರ್ಕಾರಿ ವಕೀಲರನ್ನು ಮೊದಲೇ ಕಂಡು, ಪೊಲೀಸರ ಮುಂದೆ ಕೊಟ್ಟ ಹೇಳಿಕೆ ತೋರಿಸಿ ಎಂದು ಕೇಳಿ. ಪಾಟಿ ಸವಾಲಿನಲ್ಲಿ ಪ್ರಶ್ನೆ ತಿಳಿಯದಿದ್ದರೆ, ಇನ್ನೊಮ್ಮೆ ಹೇಳಿ ಎನ್ನಿ. ನಿಜವಾಗಿಯೂ ನೆನಪಿಲ್ಲದ್ದಕ್ಕೆ "ನೆನಪಿಲ್ಲ" ಎನ್ನುವುದೂ ಸರಿಯಾದ ಉತ್ತರವೇ. ಬರೆದುಕೊಂಡ ಸಾಕ್ಷ್ಯವನ್ನು ಓದಿ ಹೇಳಿದ ಮೇಲೇ ಸಹಿ ಹಾಕಿ. ಬಂದುಹೋಗುವ ಖರ್ಚಿಗೆ ಸಾಕ್ಷಿ ಬತ್ತೆ ಕೇಳುವುದರಲ್ಲಿ ನಾಚಿಕೆ ಬೇಡ.

ಸಾಕ್ಷಿ ಹೇಳಬೇಕಾದದ್ದು ಮಗುವಾದರೆ? ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯ ಪ್ರಕರಣದಲ್ಲಿ ಆರೋಪಿಯ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ನ್ಯಾಯಾಧೀಶರೇ ಆ ಪ್ರಶ್ನೆಗಳನ್ನು ಕೇಳುತ್ತಾರೆ. ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಮಗು ನಂಬುವ ಅಜ್ಜಿಯೋ ಅತ್ತೆಯೋ ಒಳಗೆ ಜೊತೆಗಿರಬಹುದು.

ಅಪರಾಧಿ ಸಿಕ್ಕಿಬೀಳದಿದ್ದರೂ ಸಂತ್ರಸ್ತರು ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100, ಬರೆದಿಟ್ಟುಕೊಳ್ಳಿ. ಕರೆ ಮಾಡುವಾಗ ಸಮನ್ಸ್ ಕಾಗದ ಕೈಯಲ್ಲಿರಲಿ, ಪ್ರಕರಣದ ಸಂಖ್ಯೆ ಅದರಲ್ಲೇ ಇರುತ್ತದೆ. ನಮಸ್ಕಾರ.