ರ‍್ಯಾಕ್‌ಗೆ ಹೊಸ ಸ್ವಿಚ್: ಮೊದಲು ಮೇಜಿನ ಮೇಲೆ, ಆಮೇಲೆ ರ‍್ಯಾಕ್‌ನಲ್ಲಿ

[ದೃಶ್ಯ: ಮೇಜಿನ ಮೇಲೆ 24 ಪೋರ್ಟಿನ ಸ್ವಿಚ್. ಪಕ್ಕದಲ್ಲಿ ಲ್ಯಾಪ್‌ಟಾಪ್, ಎರಡು ಬ್ರಾಕೆಟ್, ಸ್ಕ್ರೂ ತುಂಬಿದ ಚಿಕ್ಕ ಕವರ್.]

ನಮಸ್ಕಾರ. ಕಂಪ್ಯೂಟರ್, ಫೋನ್, ಕ್ಯಾಮೆರಾಗಳನ್ನು ಕೇಬಲ್ ಮೂಲಕ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ, ಅಂದರೆ ಹೊಸ ನೆಟ್‌ವರ್ಕ್ ಸ್ವಿಚ್ ಬಂತು ಅಂದ ಕೂಡಲೇ ಕೈ ಸ್ಕ್ರೂಡ್ರೈವರ್ ಕಡೆಗೆ ಹೋಗುತ್ತದೆ, ಅಲ್ವಾ? ಬಾಕ್ಸ್ ಬಿಚ್ಚಿ, ಉಪಕರಣಗಳನ್ನು ಕೂರಿಸುವ ಲೋಹದ ಚೌಕಟ್ಟಾದ ರ‍್ಯಾಕ್‌ಗೆ ಬಿಗಿದು, ಕೇಬಲ್ ಚುಚ್ಚಿ, ಲೈಟ್ ಹತ್ತಿತು, ಕೆಲಸ ಮುಗಿಯಿತು. ನಾನು ಕೂಡ ಮೊದಲು ಹಾಗೇ ಮಾಡುತ್ತಿದ್ದೆ. ಈಗ ಸ್ವಿಚ್ ಅನ್ನು ಮೇಜಿನ ಮೇಲೆ ಪೂರ್ತಿ ಸೆಟಪ್ ಮಾಡದೆ ರ‍್ಯಾಕ್ ಹತ್ತಿರವೂ ಒಯ್ಯುವುದಿಲ್ಲ.

ಕಾರಣ ಸರಳ. ರ‍್ಯಾಕ್ ಮುಂದೆ ಜಾಗ ಇರುವುದಿಲ್ಲ. ಫ್ಯಾನ್‌ಗಳ ಸದ್ದು. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ಇನ್ನೊಂದು ಕೈಯಲ್ಲಿ ಟೈಪ್ ಮಾಡಬೇಕು. ಅಲ್ಲಿ ತಪ್ಪು ಆಗದೇ ಇದ್ದರೇ ಆಶ್ಚರ್ಯ.

[ದೃಶ್ಯ: ಕನ್ಸೋಲ್ ಕೇಬಲ್ ಜೋಡಿಸುವ ಕೈಗಳು.]

ಮೊದಲು ಪವರ್ ಕೊಡಿ, ಬೇರೆ ಯಾವ ಕೇಬಲ್ಲೂ ಬೇಡ. ಸ್ವಿಚ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಇದಕ್ಕೆ ಕೆಲವು ನಿಮಿಷ ಬೇಕು, ಕಾಯಿರಿ. ಫ್ಯಾನ್ ತಿರುಗದಿದ್ದರೆ, ಕೆಂಪು ಅಥವಾ ಕಿತ್ತಳೆ ಲೈಟ್ ಹಾಗೇ ನಿಂತರೆ, ಈಗಲೇ ಗೊತ್ತಾಗುತ್ತದೆ. ರ‍್ಯಾಕ್‌ಗೆ ಹಾಕಿದ ಮೇಲೆ ಗೊತ್ತಾದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು.

ಈಗ ಕನ್ಸೋಲ್ ಕೇಬಲ್ (ನೆಟ್‌ವರ್ಕ್ ಇಲ್ಲದೆ ಸ್ವಿಚ್ ಜೊತೆ ನೇರ ಮಾತಾಡುವ ಕೇಬಲ್) ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆಯಿರಿ. ಅದರ ಸೆಟ್ಟಿಂಗ್ ಸ್ವಿಚ್‌ನದಕ್ಕೆ ಹೊಂದಬೇಕು. ತುಂಬಾ ಸ್ವಿಚ್‌ಗಳಲ್ಲಿ ವೇಗ 9600, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ (ಡೇಟಾ ಹರಿವನ್ನು ತಡೆದು ಬಿಡುವ ಸೆಟ್ಟಿಂಗ್) ಇಲ್ಲ. ಕೆಲವು ಮಾಡೆಲ್‌ಗಳಲ್ಲಿ ವೇಗ 115200. ಪರದೆ ಮೇಲೆ ಅರ್ಥವಿಲ್ಲದ ಗುರುತುಗಳು ಬಂದರೆ ಗಾಬರಿ ಬೇಡ, ವೇಗ ಹೊಂದಿಲ್ಲ ಅಷ್ಟೇ. ಏನೂ ಕಾಣದಿದ್ದರೆ ಒಮ್ಮೆ ಎಂಟರ್ ಒತ್ತಿ ನೋಡಿ. ಪರದೆ ಕಾಣಿಸುತ್ತದೆ, ಆದರೆ ಟೈಪ್ ಮಾಡಿದ್ದು ಹೋಗುತ್ತಿಲ್ಲ ಅಂದರೆ ನನ್ನ ಮೊದಲ ಅನುಮಾನ ಫ್ಲೋ ಕಂಟ್ರೋಲ್ ಮೇಲೆ.

ಒಳಗೆ ಹೋದ ಮೇಲೆ ಮೊದಲು ಫರ್ಮ್‌ವೇರ್, ಅಂದರೆ ಸ್ವಿಚ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿ. ಇದಕ್ಕೆ ರೀಬೂಟ್ ಬೇಕು. ಇವತ್ತು ರೀಬೂಟ್ ಮಾಡಿದರೆ ಯಾರಿಗೂ ತೊಂದರೆ ಇಲ್ಲ, ಮುಂದಿನ ವಾರ ಮಾಡಲು ಎಲ್ಲರ ಅನುಮತಿ ಕೇಳಬೇಕು. ಆಮೇಲೆ ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಿಸಿ. ಸ್ವಿಚ್‌ಗೆ ಒಂದು ಹೆಸರು ಕೊಡಿ. ಮಹಡಿ, ಕೋಣೆ, ರ‍್ಯಾಕ್ ನಂಬರ್ ಎಲ್ಲ ಹೆಸರಲ್ಲೇ ಬರಲಿ. ರಾತ್ರಿ ಅಲರ್ಟ್ ಬಂದಾಗ "ಸ್ವಿಚ್ 7" ಅಂದರೆ ಯಾರಿಗೆ ಏನು ಗೊತ್ತಾಗಬೇಕು?

ದೂರದಿಂದ ಸ್ವಿಚ್‌ಗೆ ಲಾಗಿನ್ ಆಗುವ ದಾರಿಗಳಲ್ಲಿ ಟೆಲ್ನೆಟ್ ಆಫ್ ಮಾಡಿ, ಎಲ್ಲವನ್ನೂ ಗುಪ್ತವಾಗಿ ಕಳಿಸುವ ಎಸ್‌ಎಸ್‌ಎಚ್ ಆನ್ ಮಾಡಿ. ಟೆಲ್ನೆಟ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ತಂತಿಯಲ್ಲಿ ಹೋಗುತ್ತದೆ. ನೆಟ್‌ವರ್ಕ್‌ನಲ್ಲಿ ಸಮಯ ತಿಳಿಸುವ ಎನ್‌ಟಿಪಿ ಸರ್ವರ್ ವಿಳಾಸ ಕೊಟ್ಟು ಸಮಯ ಸರಿ ಮಾಡಿ. ಗಡಿಯಾರ ತಪ್ಪಾಗಿದ್ದರೆ ಲಾಗ್ ಓದಿ ಪ್ರಯೋಜನ ಇಲ್ಲ.

ಮ್ಯಾನೇಜ್‌ಮೆಂಟ್ ಐಪಿ (ಸ್ವಿಚ್ ಅನ್ನು ದೂರದಿಂದ ನೋಡಿಕೊಳ್ಳುವ ವಿಳಾಸ) ಕೊಡುವಾಗ ಗೇಟ್‌ವೇ (ಬೇರೆ ನೆಟ್‌ವರ್ಕ್‌ಗೆ ದಾರಿ ಕೊಡುವ ರೌಟರ್‌ನ ವಿಳಾಸ) ಕೂಡ ಕೊಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಅದೇ ನೆಟ್‌ವರ್ಕ್‌ನಲ್ಲಿ ಕೂತು ನೋಡಿದರೆ ಸ್ವಿಚ್ ಚೆನ್ನಾಗಿಯೇ ಸಿಗುತ್ತದೆ. ಬೇರೆ ನೆಟ್‌ವರ್ಕ್‌ನಿಂದ ಪಿಂಗ್ ಮಾಡಿದರೆ ಉತ್ತರವೇ ಬರುವುದಿಲ್ಲ. ಗೇಟ್‌ವೇ ಇಲ್ಲದಿದ್ದರೆ ಸ್ವಿಚ್‌ಗೆ ಉತ್ತರ ಕಳಿಸುವ ದಾರಿ ಗೊತ್ತಿರುವುದಿಲ್ಲ.

[ದೃಶ್ಯ: ಬಿಳಿ ಹಲಗೆ. ಒಂದು ಸ್ವಿಚ್, ಮೂರು ಬಣ್ಣದ ಪೋರ್ಟ್‌ಗಳು, ಮೇಲಕ್ಕೆ ಹೋಗುವ ಒಂದು ದಪ್ಪ ಗೆರೆ.]

ಈಗ ವಿಲ್ಯಾನ್. ಒಂದೇ ಸ್ವಿಚ್ ಒಳಗೆ ಹಲವು ಸ್ವಿಚ್‌ಗಳನ್ನು ಮಾಡಿದ ಹಾಗೆ ಇದು. ಕಚೇರಿ ಕಂಪ್ಯೂಟರ್‌ಗಳು ಒಂದರಲ್ಲಿ, ಕ್ಯಾಮೆರಾಗಳು ಇನ್ನೊಂದರಲ್ಲಿ, ಫೋನ್‌ಗಳು ಮತ್ತೊಂದರಲ್ಲಿ. 802.1ಕ್ಯೂ ನಿಯಮದಲ್ಲಿ ವಿಲ್ಯಾನ್ ನಂಬರಿಗೆ 12 ಬಿಟ್ ಜಾಗ ಇದೆ. ಅಂದರೆ 0 ಯಿಂದ 4095. ಎರಡು ತುದಿಗಳನ್ನು ಬಿಟ್ಟು 1 ರಿಂದ 4094 ನಾವು ಬಳಸಬಹುದು. ಕಂಪ್ಯೂಟರ್ ಸೇರುವುದು ಆಕ್ಸೆಸ್ ಪೋರ್ಟ್, ಅದರಲ್ಲಿ ಒಂದೇ ವಿಲ್ಯಾನ್. ಇನ್ನೊಂದು ಸ್ವಿಚ್‌ಗೆ ಹೋಗುವುದು ಟ್ರಂಕ್. ಒಂದೇ ಕೇಬಲ್‌ನಲ್ಲಿ ಹಲವು ವಿಲ್ಯಾನ್, ಪ್ರತಿ ಫ್ರೇಮ್‌ಗೂ (ಡೇಟಾ ತುಂಡಿಗೂ) ಒಂದು ಚೀಟಿ ಅಂಟಿಸಿದ ಹಾಗೆ. ಚೀಟಿ ಇಲ್ಲದೆ ಬಂದದ್ದು ನೇಟಿವ್ ವಿಲ್ಯಾನ್‌ಗೆ ಸೇರುತ್ತದೆ. ಈ ನೇಟಿವ್ ನಂಬರ್ ಎರಡೂ ತುದಿಯಲ್ಲಿ ಒಂದೇ ಇರಬೇಕು.

ಮ್ಯಾನೇಜ್‌ಮೆಂಟ್ ವಿಲ್ಯಾನ್ ಬದಲಿಸುವ ಕೆಲಸವನ್ನು ಮಾತ್ರ ಕನ್ಸೋಲ್‌ನಿಂದಲೇ ಮಾಡಿ. ನೆಟ್‌ವರ್ಕ್ ಮೂಲಕ ಮಾಡಲು ಹೋದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಕಮಾಂಡ್ ಕೊಟ್ಟ ಕ್ಷಣವೇ ಸಂಪರ್ಕ ಹೋಗುತ್ತದೆ.

ಇನ್ನು ಲೂಪ್, ಅಂದರೆ ಕೇಬಲ್ ಸುತ್ತಿ ಅದೇ ನೆಟ್‌ವರ್ಕ್‌ಗೆ ಮರಳಿ ಸೇರುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾರೋ ಮೇಜಿನ ಕೆಳಗೆ ಒಂದು ಕೇಬಲ್ ತುದಿ ಬಿದ್ದಿರುವುದನ್ನು ನೋಡುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದ ಅದನ್ನು ಗೋಡೆಯ ಸಾಕೆಟ್‌ಗೆ ಚುಚ್ಚುತ್ತಾರೆ. ಅದರ ಇನ್ನೊಂದು ತುದಿ ಪಕ್ಕದ ಸಾಕೆಟ್‌ನಲ್ಲೇ ಇರುತ್ತದೆ. ಅಷ್ಟೇ, ಇಡೀ ಕಟ್ಟಡದ ನೆಟ್‌ವರ್ಕ್ ಸ್ತಬ್ಧ. ಈಥರ್ನೆಟ್ ಫ್ರೇಮ್‌ಗೆ ಆಯಸ್ಸು ಅಂತ ಇಲ್ಲ. ಐಪಿ ಪ್ಯಾಕೆಟ್ ಇಷ್ಟು ರೌಟರ್ ದಾಟಿದ ಮೇಲೆ ಸಾಯುತ್ತದೆ. ಎಲ್ಲರಿಗೂ ಹೋಗುವ ಈಥರ್ನೆಟ್ ಬ್ರಾಡ್‌ಕಾಸ್ಟ್ ಹಾಗಲ್ಲ. ಸುತ್ತು ಸಿಕ್ಕಿದರೆ ಸುತ್ತುತ್ತಲೇ ಇರುತ್ತದೆ, ಸುತ್ತುವಾಗ ಹೆಚ್ಚುತ್ತಲೂ ಹೋಗುತ್ತದೆ.

ಇದಕ್ಕೆ ಮದ್ದು ಸ್ಪ್ಯಾನಿಂಗ್ ಟ್ರೀ. 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ ಕೆಲಸ ಮಾಡುತ್ತಿದ್ದ ರೇಡಿಯಾ ಪರ್ಲ್‌ಮನ್ ಇದನ್ನು ರೂಪಿಸಿದರು. ಸ್ವಿಚ್‌ಗಳು ಪರಸ್ಪರ ಮಾತಾಡಿಕೊಂಡು, ಸುತ್ತು ಉಂಟುಮಾಡುವ ದಾರಿಯನ್ನು ತಾವೇ ಮುಚ್ಚುತ್ತವೆ. ದಯವಿಟ್ಟು ಇದನ್ನು ಆಫ್ ಮಾಡಬೇಡಿ. "ಕಂಪ್ಯೂಟರ್ ಆನ್ ಮಾಡಿದರೆ ಐಪಿ ಬರಲು ತಡ ಆಗುತ್ತೆ" ಅಂತ ಕೆಲವರು ಆಫ್ ಮಾಡುತ್ತಾರೆ. ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟ್ ತೆರೆಯಲು 30 ಸೆಕೆಂಡ್ ಹಿಡಿಯುವುದು ನಿಜ. ಅದಕ್ಕೆ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಬಳಸಿ. ಕಂಪ್ಯೂಟರ್ ಸೇರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಕಾಯದೆ ತಕ್ಷಣ ತೆರೆಯುವ ಪೋರ್ಟ್) ಮಾಡಿ, ಜೊತೆಗೆ ಬಿಪಿಡಿಯು ಗಾರ್ಡ್ (ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಪೋರ್ಟ್ ಮುಚ್ಚುವ ಕಾವಲು) ಹಾಕಿ. ಆಗ ಯಾರಾದರೂ ಅಲ್ಲಿ ಲೂಪ್ ಮಾಡಿದರೆ ಆ ಪೋರ್ಟ್ ಮಾತ್ರ ಮುಚ್ಚುತ್ತದೆ, ಉಳಿದವರ ಕೆಲಸ ನಡೆಯುತ್ತದೆ.

[ದೃಶ್ಯ: ಪರದೆಯ ಮೇಲೆ ಒಂದೇ ಸಾಲು: "ಸೇವ್ ಮಾಡಿದ್ರಾ?"]

ಒಮ್ಮೆ ಒಂದು ಕಚೇರಿಯಲ್ಲಿ ಇಡೀ ದಿನ ಕೂತು ಸ್ವಿಚ್ ಸೆಟಪ್ ಮಾಡಿದ್ದೆ. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಮೂರು ವಾರ ಕಳೆದು ಒಂದು ಸಂಜೆ ಕರೆಂಟ್ ಹೋಗಿ ಬಂತು. ಸ್ವಿಚ್ ಬಾಕ್ಸ್‌ನಿಂದ ಈಗಷ್ಟೇ ತೆಗೆದ ಹಾಗೆ ಖಾಲಿ ಆಗಿತ್ತು. ನಾನು ಸೇವ್ ಮಾಡಿರಲಿಲ್ಲ. ಅವತ್ತು ಅಲ್ಲಿನವರು ಕೆಲಸ ನಿಲ್ಲಿಸಿ ನನ್ನ ದಾರಿ ಕಾಯುತ್ತಿದ್ದ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ತುಂಬಾ ಸ್ವಿಚ್‌ಗಳಲ್ಲಿ ಎರಡು ಕಾನ್ಫಿಗ್ (ಸೆಟ್ಟಿಂಗ್‌ಗಳ ಪಟ್ಟಿ) ಇರುತ್ತವೆ. ರನ್ನಿಂಗ್ ಕಾನ್ಫಿಗ್ ಮೆಮೊರಿಯಲ್ಲಿ, ಕರೆಂಟ್ ಹೋದರೆ ಅದೂ ಹೋಯಿತು. ಸ್ಟಾರ್ಟಪ್ ಕಾನ್ಫಿಗ್ ಫ್ಲ್ಯಾಶ್‌ನಲ್ಲಿ, ಆನ್ ಆದಾಗ ಸ್ವಿಚ್ ಓದುವುದು ಇದನ್ನೇ. ಮೊದಲನೆಯದನ್ನು ಎರಡನೆಯದಕ್ಕೆ ಕಾಪಿ ಮಾಡುವುದು ನಮ್ಮ ಕೆಲಸ. ವೆಬ್ ಪುಟದಲ್ಲಿ ಸೆಟಪ್ ಮಾಡುವವರೂ ಗಮನಿಸಿ, ಕೆಲವು ಸ್ವಿಚ್‌ಗಳಲ್ಲಿ ಅಪ್ಲೈ ಬೇರೆ, ಸೇವ್ ಬೇರೆ. ಒಂದು ಪ್ರತಿಯನ್ನು ನಿಮ್ಮ ಕಂಪ್ಯೂಟರ್‌ನಲ್ಲೂ ಇಟ್ಟುಕೊಳ್ಳಿ.

[ದೃಶ್ಯ: ರ‍್ಯಾಕ್. ಕಂಬದ ಚೌಕ ತೂತುಗಳ ಹತ್ತಿರದ ನೋಟ.]

ಈಗ ರ‍್ಯಾಕ್‌ಗೆ ಹೋಗೋಣ. ರ‍್ಯಾಕ್ ಅಗಲ 19 ಇಂಚು. ಎತ್ತರದ ಅಳತೆ ಯು. 1 ಯು ಅಂದರೆ 44.45 ಮಿಲಿಮೀಟರ್, ಅದರಲ್ಲಿ ಮೂರು ತೂತು. ಇಲ್ಲಿ ಒಂದು ಸೂಕ್ಷ್ಮ ಇದೆ, ನೋಡಿ. ತೂತುಗಳ ನಡುವಿನ ದೂರ ಒಂದೇ ಅಲ್ಲ. 15.9, 15.9, ಆಮೇಲೆ 12.7 ಮಿಲಿಮೀಟರ್. ಹತ್ತಿರ ಹತ್ತಿರ ಇರುವ ಎರಡು ತೂತುಗಳ ನಡುವೆಯೇ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದನ್ನು ಗಮನಿಸದೆ ಒಂದು ತೂತು ಮೇಲೆ ಕೆಳಗೆ ಮಾಡಿದರೆ, ಸ್ವಿಚ್ ಎರಡು ಯುಗಳಿಗೆ ಕಾಲು ಚಾಚಿ ಕೂರುತ್ತದೆ. ಸ್ಕ್ರೂ ಕೂಡ ನೆಟ್ಟಗೆ ಕೂರುವುದಿಲ್ಲ.

ಸ್ವಿಚ್‌ನ ಜಾಗ ಪ್ಯಾಚ್ ಪ್ಯಾನೆಲ್ (ಗೋಡೆಯಿಂದ ಬಂದ ಕೇಬಲ್‌ಗಳು ಸೇರುವ ಫಲಕ) ಪಕ್ಕದಲ್ಲೇ ಇರಲಿ, ಕೇಬಲ್ ಗಿಡ್ಡ ಸಾಕಾಗುತ್ತದೆ. ಯುಪಿಎಸ್ ನಂಥ ಭಾರದ ವಸ್ತು ಕೆಳಗಿರಲಿ. ಫ್ಯಾನ್ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಪಕ್ಕದ ಉಪಕರಣದ ಬಿಸಿ ಗಾಳಿ ಇದರ ಬಾಯಿಗೆ ಬರಬಾರದು.

ಬ್ರಾಕೆಟ್‌ಗೆ ಬಾಕ್ಸ್‌ನಲ್ಲಿ ಬಂದ ಸ್ಕ್ರೂಗಳನ್ನೇ ಹಾಕಿ. ಉದ್ದದ ಸ್ಕ್ರೂ ಒಳಗಿನ ಬೋರ್ಡ್‌ಗೆ ತಾಗಬಹುದು. ಚೌಕ ತೂತಿಗೆ ಸಿಕ್ಕಿಸುವ ಕೇಜ್ ನಟ್‌ಗಳನ್ನು ಅದರದೇ ಉಪಕರಣದಿಂದ ಕೂರಿಸಿ, ಸ್ಕ್ರೂಡ್ರೈವರ್ ತುದಿಯಿಂದ ಬೇಡ. ಅದು ಜಾರಿದರೆ ಬೆರಳು ಕುಯ್ಯುತ್ತದೆ. ಸ್ವಿಚ್ ಎತ್ತುವಾಗ ಇನ್ನೊಬ್ಬರನ್ನು ಕರೆಯಿರಿ. ಒಬ್ಬರು ಹಿಡಿಯಲಿ, ಒಬ್ಬರು ಕೆಳಗಿನ ಎರಡು ಸ್ಕ್ರೂ ಮೊದಲು ಹಾಕಲಿ. ನಾಲ್ಕೂ ಕೂತ ಮೇಲೆ ಬಿಗಿ ಮಾಡಿ. ಸ್ವಿಚ್ ಉದ್ದ ಮತ್ತು ಭಾರ ಇದ್ದರೆ ಹಿಂದಿನ ಕಂಬಕ್ಕೂ ಆಧಾರ ಕೊಡಿ.

ಪವರ್ ಕೊಡುವ ಮೊದಲು ಅರ್ಥಿಂಗ್ ತಂತಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ ಬೇರೆ ಬೇರೆ ಲೈನ್‌ಗೆ ಹಾಕಿ. ಒಂದೇ ಲೈನ್‌ಗೆ ಹಾಕಿದರೆ ಆ ಲೈನ್ ಹೋದಾಗ ಎರಡೂ ಹೋಗುತ್ತವೆ.

ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್ ಆದರೆ ಒಂದು ಲೆಕ್ಕ ಮಾಡಿ. 24 ಪೋರ್ಟ್, ಒಟ್ಟು 370 ವ್ಯಾಟ್ ಅಂದುಕೊಳ್ಳಿ. ಹಳೆಯ 802.3ಎಎಫ್‌ನ ಪೋರ್ಟಿಗೆ 15.4 ವ್ಯಾಟ್ ಆದರೆ ಇಪ್ಪತ್ನಾಲ್ಕಕ್ಕೂ ಸಾಕು. 802.3ಎಟಿಯ 30 ವ್ಯಾಟ್ ಪೂರ್ತಿ ಎಳೆಯುವ ಉಪಕರಣಗಳಾದರೆ 12ಕ್ಕೇ ಮುಗಿಯಿತು. ಹದಿಮೂರನೆಯ ಕ್ಯಾಮೆರಾ ಆನ್ ಆಗುತ್ತಿಲ್ಲ ಅಂದರೆ ಕ್ಯಾಮೆರಾ ಕೆಟ್ಟಿದೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ.

ಕೇಬಲ್‌ಗಳನ್ನು ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ಪ್ಲಾಸ್ಟಿಕ್ ಟೈ ಬಿಗಿದರೆ ಒಳಗಿನ ಜೋಡಿ ತಂತಿಗಳು ಒತ್ತಿಹೋಗುತ್ತವೆ. ಗೋಡೆಯೊಳಗೆ 90 ಮೀಟರ್, ಎರಡೂ ತುದಿಯ ಪ್ಯಾಚ್ ಕೇಬಲ್ ಸೇರಿ 10 ಮೀಟರ್, ಒಟ್ಟು 100 ದಾಟಬಾರದು. ಲೇಬಲ್ ಎರಡೂ ತುದಿಗೆ ಬೇಕು. ಫೈಬರ್ ಹಾಕುವಾಗ ತುದಿಯ ಒಳಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಹುದು. ಲಿಂಕ್ ಬರದಿದ್ದರೆ ಒಂದು ತುದಿಯಲ್ಲಿ ಎರಡು ಎಳೆಗಳನ್ನು ಅದಲು ಬದಲು ಮಾಡಿ ನೋಡಿ.

[ದೃಶ್ಯ: ಲೈಟ್‌ಗಳು ಮಿನುಗುತ್ತಿರುವ ಸ್ವಿಚ್. ಪವರ್ ಕೇಬಲ್ ಮೇಲೆ ಕೈ.]

ಕೊನೆಯ ಪರೀಕ್ಷೆ. ಬಳಸುವವರು ಬರುವ ಮೊದಲು ಪವರ್ ಕೇಬಲ್ ಕಿತ್ತುಬಿಡಿ, ಎರಡಿದ್ದರೆ ಎರಡನ್ನೂ. ಹತ್ತು ಎಣಿಸಿ ಮತ್ತೆ ಹಾಕಿ. ನೀವು ಕೊಟ್ಟ ಹೆಸರು ಕನ್ಸೋಲ್‌ನಲ್ಲಿ ಬಂತಾ ನೋಡಿ. ಪ್ರತಿ ವಿಲ್ಯಾನ್‌ನ ಒಂದೊಂದು ಪೋರ್ಟ್‌ಗೆ ಲ್ಯಾಪ್‌ಟಾಪ್ ಹಾಕಿ, ಸರಿಯಾದ ಐಪಿ ಸಿಕ್ಕಿತಾ ನೋಡಿ. ಸಿಕ್ಕಿದರೆ ಕನ್ಸೋಲ್ ಕೇಬಲ್ ತೆಗೆದು ರ‍್ಯಾಕ್ ಬಾಗಿಲು ಹಾಕಿ.