ಚಳಿಗಾಲದ ಗಿಡಹೇನು, ಔಷಧಿ ಇಲ್ದೆ

ನಮಸ್ಕಾರ ಕೇಳುಗರೇ. ನಾಳೆ ಬೆಳಗ್ಗೆ ಗುಲಾಬಿ ಚಿಗುರನ್ನ ಒಂದ್ಸಲ ಹತ್ತಿರದಿಂದ ನೋಡಿ, ಎಲೆಕೋಸಿದ್ರೆ ಅದ್ರ ಎಲೆನೂ ತಿರುಗಿಸಿ ನೋಡಿ. ಸಾಸಿವೆಯಷ್ಟು ಪುಟ್ಟ, ಮೆತ್ತಗಿನ ಹುಳ ಕೂತಿರುತ್ವೆ, ಹಸಿರು, ಕಪ್ಪು, ಬೂದಿ ಬಣ್ಣ. ಅದೇ ಗಿಡಹೇನು. ಹತ್ತೇ ಇದಾವಲ್ಲ ಅಂತ ಬಿಟ್ಬಿಡ್ಬೇಡಿ ದಯವಿಟ್ಟು, ಯಾಕಂದ್ರೆ ಇವಕ್ಕೆ ಗಂಡಿನ ಹಂಗೇ ಇಲ್ಲ, ಹೆಣ್ಣು ನೇರವಾಗಿ ಮರಿ ಹಾಕುತ್ತೆ, ಆ ಮರಿ ಹೊಟ್ಟೇಲಿ ಆಗ್ಲೇ ಮುಂದಿನ ಮರಿ ಬೆಳೀತಿರುತ್ತೆ. ಬೆಚ್ಚಗಿದ್ರೆ 7ರಿಂದ 10 ದಿನಕ್ಕೆ ಮರಿ ತಾಯಾಗುತ್ತೆ, ಚಳೀಲಿ ಅದು ನಿಧಾನ. ಆದ್ರೆ ಹೇನು ತಿನ್ನೋ ಗುಲಗಂಜಿ ಹುಳ ಚಳಿಗೆ ತರಗೆಲೆ ಅಡಿ ಮುದುರಿಕೊಂಡಿರುತ್ತೆ, ಹಾಗಾಗಿ ಈಗಿನ ಕೆಲಸ ನಮ್ಮ ಕೈಯದ್ದೇ.

ನೀರೇ ಸಾಕು, ನಿಜವಾಗ್ಲೂ. ಚಿಗುರಿನ ಹಿಂದೆ ಒಂದು ಕೈ ಕೊಟ್ಟು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಎಲೆ ಅಡಿಗೆ ಜೋರಾಗಿ ಹಾಯಿಸಿ. ಸೂಜಿ ತರದ ಮೂತಿ ಗಿಡಕ್ಕೆ ಚುಚ್ಚಿ ಕೂತ ಹೇನು ಉದುರಿ ಬಿದ್ರೆ ಮತ್ತೆ ಹತ್ತಿ ಬರೋದು ಬಹಳ ಕಮ್ಮಿ. ಬಿಸಿಲು ಬಂದ್ಮೇಲೆ ಮಾಡಿ, ಸಂಜೆಯೊಳಗೆ ಎಲೆ ಒಣಗ್ಬೇಕು, ಎರಡು ಮೂರು ದಿನಕ್ಕೊಮ್ಮೆ ಎರಡು ವಾರ ಬಿಡದೆ ಮಾಡಿ. ಮುರುಟಿದ ತುದಿ ಒಳಗೆ ನೀರು ಹೋಗಲ್ಲ, ಅದನ್ನ ಚಿವುಟಿ ತೆಗೀರಿ.

ಇರುವೆ ಸಾಲು ಕಂಡ್ರೆ ಅದನ್ನೂ ತಡೀಬೇಕು, ಹೇನು ಬಿಡೋ ಸಿಹಿ ಅಂಟಿಗೋಸ್ಕರ ಇರುವೆ ಅವುಗಳಿಗೆ ಕಾವಲು ನಿಲ್ಲುತ್ತೆ, ಹೇನು ತಿನ್ನೋಕೆ ಬಂದ ಹುಳಾನ ಓಡಿಸುತ್ತೆ. ಎಲೆ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪಗಾಗೋದೂ ಆ ಅಂಟಿನ ಮೇಲೆ ಬೆಳೆಯೋ ಬೂಷ್ಟಿನಿಂದ. ಯೂರಿಯಾ ಕೈ ಬಿಗಿ ಹಿಡಿದು ಹಾಕಿ, ರಸ ತುಂಬಿದ ಎಳೆ ಚಿಗುರು ಅಂದ್ರೆ ಹೇನಿಗೆ ಹಬ್ಬ.

ನೀರು ಹಾಯಿಸೋಕೆ, ಚಿವುಟೋಕೆ ಮುಂಚೆ ಮಾತ್ರ ಕಣ್ಣಿಟ್ಟು ನೋಡಿ. ಕೆಲವು ಹೇನು ಕಂದು ಬಣ್ಣಕ್ಕೆ ತಿರುಗಿ ಮಣಿ ತರ ಉಬ್ಬಿ ಎಲೆಗೆ ಅಂಟಿರುತ್ವೆ, ಅದ್ರೊಳಗೆ ಒಂದು ಪುಟ್ಟ ಕಣಜದ ಮರಿ ಬೆಳೀತಿರುತ್ತೆ, ಹೊರಗೆ ಬಂದು ಬೇರೆ ಹೇನಿಗೆ ಮೊಟ್ಟೆ ಇಡುತ್ತೆ. ಆ ಎಲೆ ಹಾಗೇ ಬಿಡಿ. ಚಳಿ ಕಮ್ಮಿಯಾದಾಗ ಮೊಸಳೆ ಆಕಾರದ, ಕಪ್ಪು ಮೈಮೇಲೆ ಕಿತ್ತಳೆ ಚುಕ್ಕೆಯ ಹುಳ ಕಾಣಿಸ್ಬಹುದು, ಅದು ಗುಲಗಂಜಿ ಹುಳದ ಮರಿ. ಕೀಟ ಅಂದ್ಕೊಂಡು ಹೊಸಕಿ ಹಾಕಿದೋರು ಎಷ್ಟೋ ಜನ, ನೀವು ಮಾತ್ರ ಅದನ್ನ ಗಿಡದ ಮೇಲೇ ಇರೋಕೆ ಬಿಡಿ. ನಮಸ್ಕಾರ.