ಮತ್ತೆ ಮತ್ತೆ ಅಡ್ಮಿಟ್ ಆಗುವ ಹಿರಿಯರು: ಪ್ಯಾಲಿಯೇಟಿವ್ ಕೇರ್ ಯಾವಾಗ ಬೇಕು?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಮಡಿಕೇರಿಗೆ ಬಂದಿದ್ದೀರಿ, ತುಂಬಾ ಸಂತೋಷ. ಇಲ್ಲಿ ನರ್ಸ್‌ಗಳಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರೂ ಇದ್ದೀರಿ. ನಿಮ್ಮೆಲ್ಲರಿಗೂ ನನ್ನದು ಒಂದೇ ಮಾತು. ಪ್ಯಾಲಿಯೇಟಿವ್ ಕೇರ್ ಅಂದರೆ ಗಂಭೀರ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡಿ ನೆಮ್ಮದಿ ಕೊಡುವ ಆರೈಕೆ. ಅದು ಬೇಕು ಅನ್ನೋದು ನಮಗೆ ಕೊನೇ ವಾರದಲ್ಲಿ ಹೊಳೆಯುತ್ತಿದೆ. ಅದು ತಿಂಗಳುಗಳ ಮೊದಲೇ ಹೊಳೆಯಬೇಕು.

ಈ ಆರೈಕೆ ಅಂದರೆ ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ರಕ್ತ ಪಂಪ್ ಮಾಡುವ ಶಕ್ತಿ ಕುಗ್ಗುವುದು), ಹಳೇ ದಮ್ಮಿನ ಕಾಯಿಲೆ, ಕಿಡ್ನಿ ತೊಂದರೆ, ಮರೆವಿನ ಕಾಯಿಲೆ ಇರುವವರಿಗೂ ಇದು ಬೇಕು. ಆದರೆ ಅವರಲ್ಲಿ ಗುರುತಿಸುವುದು ಕಷ್ಟ. ಹಾರ್ಟ್ ಫೇಲ್ಯೂರ್ ಇರುವ ಒಬ್ಬ ಅಜ್ಜನನ್ನೇ ತೆಗೆದುಕೊಳ್ಳಿ. ಉಸಿರು ಕಟ್ಟಿತು ಅಂತ ಅಡ್ಮಿಟ್ ಮಾಡುತ್ತಾರೆ. ಇಂಜೆಕ್ಷನ್ ಕೊಟ್ಟು ಮೈಯಲ್ಲಿ ತುಂಬಿದ ನೀರು ಇಳಿಸುತ್ತಾರೆ. ಕೆಲವು ದಿನ ಆದ ಮೇಲೆ ಮನೆಗೆ ಕಳಿಸುತ್ತಾರೆ. ಹುಷಾರಾದರು ಅಂತ ಎಲ್ಲರಿಗೂ ಸಮಾಧಾನ. ಆದರೆ ಮೊದಲು ತೋಟದ ಗೇಟಿನ ತನಕ ನಡೆಯುತ್ತಿದ್ದವರು ಈಗ ಜಗಲಿ ದಾಟುತ್ತಿಲ್ಲ. ಮುಂದಿನ ಸಲ ಬಾತ್‌ರೂಮಿಗೆ ಹೋಗಲೂ ಕೈ ಹಿಡಿಯಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ಇದು ಬರುವುದೇ ಕಡಿಮೆ. ಮನೆಯವರ ಕಣ್ಣಿಗೆ ಮಾತ್ರ ಬಿದ್ದಿರುತ್ತದೆ. ಹಾಗಾಗಿ ರೌಂಡ್ಸ್‌ಗೆ ಬಂದ ಡಾಕ್ಟರಿಗೆ ನೀವೇ ಹೇಳಬೇಕು: "ಆರು ತಿಂಗಳ ಹಿಂದೆ ಅಪ್ಪ ಹೀಗಿರಲಿಲ್ಲ."

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಈ ಆರೈಕೆ ಯಾರಿಗೆ ಬೇಕು ಅಂತ ಗುರುತಿಸಲು ಸ್ಪಿಕ್ಟ್ (SPICT) ಅನ್ನುವ ಒಂದು ಪುಟದ ಪಟ್ಟಿ ಮಾಡಿದ್ದಾರೆ. ಅದರ ಮೊದಲ ಭಾಗಕ್ಕೆ ಸ್ಕ್ಯಾನಿಂಗ್ ಬೇಡ, ರಕ್ತ ಪರೀಕ್ಷೆ ಬೇಡ. ಇದ್ದಕ್ಕಿದ್ದಂತೆ ಪದೇಪದೇ ಆಸ್ಪತ್ರೆ ಸೇರುತ್ತಿದ್ದಾರಾ? ಹಗಲಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುತ್ತಿದ್ದಾರಾ? ತೂಕ ಇಳಿಯುತ್ತಲೇ ಇದೆಯಾ? ಸರಿಯಾದ ಔಷಧಿ ಕೊಟ್ಟರೂ ನೋವು, ಉಸಿರಾಟದ ಕಷ್ಟ ಹಾಗೇ ಉಳಿದಿದೆಯಾ? ಮರೆವಿನ ಕಾಯಿಲೆಯವರಲ್ಲಿ ನುಂಗುವಾಗ ಕೆಮ್ಮು, ಮತ್ತೆ ಮತ್ತೆ ನ್ಯುಮೋನಿಯಾ ಬಂದರೆ ಅದೂ ದೊಡ್ಡ ಸೂಚನೆ. ಇನ್ನೊಂದು ಸೂಚನೆಯನ್ನು ನಾವು ಬೈದು ಸುಮ್ಮನಾಗಿಸಿಬಿಡುತ್ತೇವೆ. "ಇನ್ನು ಸೂಜಿ ಚುಚ್ಚಬೇಡಿ" ಅಂತ ಅಜ್ಜಿ ಹೇಳಿದರೆ ಅದನ್ನು ಹಟ ಅಂತ ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂತು, ಯಾಕೆ ಅಂತ ಕೇಳಿ.

ಡಾಕ್ಟರುಗಳು ತಮ್ಮನ್ನೇ ಕೇಳಿಕೊಳ್ಳುವ ಒಂದು ಪ್ರಶ್ನೆಯಿದೆ: "ಇವರು ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತಾ?" ಇಲ್ಲ ಅನ್ನಿಸಿದರೆ ಮಾತುಕತೆ ಶುರುಮಾಡಬೇಕು. ಇದು ಭವಿಷ್ಯ ಹೇಳುವುದಲ್ಲ. ಹಾಗೆ ಅನ್ನಿಸಿದ ಮೇಲೂ ವರ್ಷಗಟ್ಟಲೆ ಬದುಕಿದವರು ಬೇಕಾದಷ್ಟು ಜನ ಇದ್ದಾರೆ.

ಪ್ಯಾಲಿಯೇಟಿವ್ ಕೇರ್ ಶುರುವಾಯಿತು ಅಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲುವುದಿಲ್ಲ. ಹೃದಯದ ಮಾತ್ರೆ ಕೊಡುತ್ತಲೇ ಉಸಿರಾಟದ ಸಂಕಟ ಕಡಿಮೆ ಮಾಡಬಹುದು. ಜೋರು ನೋವಿಗೆ ಮಾರ್ಫಿನ್ ಅಂದರೆ ಮನೆಯವರು ಹೆದರುತ್ತಾರೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಒಳ್ಳೆಯ ಔಷಧಿ. ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಗೇ ಮಾತ್ರೆ ಬರೆಸಿಕೊಳ್ಳಿ. 2014ರಲ್ಲಿ ಮಾದಕ ವಸ್ತುಗಳ ಕಾನೂನಿಗೆ ತಿದ್ದುಪಡಿಯಾದ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಗಿದೆ. ವೆಂಟಿಲೇಟರ್ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ. 2023ರಲ್ಲಿ ಅದರ ವಿಧಾನವನ್ನೂ ಸರಳ ಮಾಡಿದೆ. ಹಿರಿಯರು ಚೆನ್ನಾಗಿ ಮಾತಾಡುತ್ತಿರುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು, ಅಲ್ವಾ? ಮಕ್ಕಳು ಬೆಂಗಳೂರಿನಲ್ಲಿದ್ದರೆ ಫೋನಿನಲ್ಲೇ ಮಾತಿಗೆ ಸೇರಿಸಿಕೊಳ್ಳಿ.

ನಮ್ಮ ಜಿಲ್ಲೆಗೆ ಇನ್ನೊಂದು ಕಷ್ಟವಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಕರೆಂಟ್ ಇರುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಅಜ್ಜಿಗೆ ರಾತ್ರಿ ನೋವು ಜಾಸ್ತಿಯಾದರೆ ಏನು ಮಾಡುವುದು? ಅದನ್ನು ಡಿಸ್ಚಾರ್ಜ್ ದಿನವೇ ಕೇಳಿ. ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ ಕರೆಂಟ್ ಹೋದಾಗ ಏನು ಅಂತಲೂ ಕೇಳಿ. ಜೂನ್ ಬರುವ ಮೊದಲೇ ಔಷಧಿ ತಂದಿಟ್ಟುಕೊಳ್ಳಿ.